ಮೊದಲ ಸಹಿ

ಟೇಕಲ್
೧೮ ನವೆಂಬರ್ ೨೦೨೪

ಸುನಂದ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಇವತ್ತಿಗೆ ಇಪ್ಪತ್ತೊಂಬತ್ತು ದಿನ ಆಯಿತು. ಮಗಳು ಚಂದನ ಭಾನುವಾರ ನರ್ಸಿಂಗ್ ಹಾಸ್ಟೆಲಿನಿಂದ ಬಂದಾಗ ಅವಳ ಫೋನಿನಿಂದ ಮಾಡಿದೆ. ನನ್ನ ದನಿ ಕೇಳಿದ್ದೇ ನೀನು ಇಟ್ಟುಬಿಟ್ಟೆ. ಕಾಗದವನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಯಾರೂ ಕಂಡುಹಿಡಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದರೆ ಅಲ್ಲಿದ್ದ ಹುಡುಗಿ, "ಯಾವ್ ಆಫೀಸ್ಗೆ ಅರ್ಜಿ ಹಾಕ್ತೀರಮ್ಮ?" ಅಂದಳು. "ವಕ್ಕಲೇರಿ ಆಫೀಸ್ಗೆ ಕಣಮ್ಮ. ಅಲ್ಲೊಬ್ಳು ದೊಡ್ಡ ಸಾಹೇಬ್ಳು ಅವ್ಳೆ, ನಮ್ಮಂಥೋರ ಹತ್ರ ಮಾತೇ ಆಡಲ್ಲ" ಅಂದೆ.

ನೀನು ನಗುವುದಿಲ್ಲ, ಗೊತ್ತು.

ಬೆಳಿಗ್ಗೆ ಆರಕ್ಕೆ ಡ್ರಿಪ್ ವಾಲ್ವ್ ತಿರುಗಿಸಿ, ಬದುವಿನ ಮೇಲೆ ಕೂತು ನಿನಗೆ ಫೋನ್ ಮಾಡುವುದು ಏಳು ವರ್ಷದ ಅಭ್ಯಾಸ. ನಿನ್ನ ಬದನೆಗೆ ಕಾಯಿಕೊರಕ ಬಂತಾ, ನನ್ನ ಸಗಣಿ ಗಂಜಲದ ಜೀವಾಮೃತದ ಡ್ರಮ್ಮಿನಲ್ಲಿ ನೊರೆ ಎದ್ದಿತಾ, ನಿಮ್ಮನೆಯವರು ಉದಯಕುಮಾರ್ ಫ್ಯಾಕ್ಟರಿಗೆ ಊಟದ ಡಬ್ಬಿ ಮರೆತು ಹೋದರಾ, ಇಷ್ಟೇ ಮಾತು. ಈಗಲೂ ಆರಕ್ಕೆ ಬದುವಿನ ಮೇಲೆ ಕೂರುತ್ತೇನೆ. ಕೈಯಲ್ಲಿ ಫೋನ್ ಹಿಡಿದುಕೊಂಡು ಮೂಲಂಗಿಯ ಕಡೆ ನೋಡುತ್ತೇನೆ. ಮೂಲಂಗಿ ಏನು ಮಾತಾಡುತ್ತದೆ?

ಗುಂಪಿನ ವಿಷಯ ಬರೆಯದೆ ಇರಲಾರೆ. ನಾವು ಏಳು ಜನ ಒಬ್ಬರ ತೋಟಕ್ಕೆ ಒಬ್ಬರು ಹೋಗಿ, ಮಣ್ಣು ಮುಟ್ಟಿ, ಎಲೆ ತಿರುವಿ ನೋಡಿ, ‘ಇಲ್ಲಿ ವಿಷ ಬಿದ್ದಿಲ್ಲ’ ಎಂದು ಸಹಿ ಹಾಕುವುದೇ ನಮ್ಮ ಸರ್ಟಿಫಿಕೇಟು. ಬೆಂಗಳೂರಿನ ಅಂಗಡಿಯವರು ನಂಬುವುದು ಆ ಸಹಿಗಳನ್ನೇ. ನಿನ್ನ ಟೊಮೆಟೊದಲ್ಲಿ ವಿಷ ಇದೆ ಅಂತ ಲ್ಯಾಬಿನ ರಿಪೋರ್ಟ್ ಬಂದ ಮೇಲೆ ನಿನ್ನನ್ನು ತೆಗೆಯದೆ ಬೇರೆ ದಾರಿ ಇರಲಿಲ್ಲ. ಅಧ್ಯಕ್ಷೆ ಅನ್ನಿಸಿಕೊಂಡವಳು ನಾನು. ಮೊದಲ ಸಹಿ ನಾನೇ ಹಾಕಬೇಕಿತ್ತು, ಹಾಕಿದೆ. ನೀನು ವಿಷ ಹೊಡೆಯುವವಳಲ್ಲ ಅಂತ ನನಗೆ ಗೊತ್ತು. ಅದು ಎಲ್ಲಿಂದ ಬಂತೋ ದೇವರೇ ಬಲ್ಲ.

ಒಂದು ಸಾಲು ಬರಿ ಸಾಕು. ಬೈದು ಬರೆದರೂ ಸರಿ.

ಇಂತಿ ನಿನ್ನ ಅಕ್ಕ,
ಭಾರತಮ್ಮ


ವಕ್ಕಲೇರಿ
೯ ಡಿಸೆಂಬರ್ ೨೦೨೪

ಭಾರತಕ್ಕನಿಗೆ ನಮಸ್ಕಾರಗಳು.

ಕಾಗದ ಬಂತು. ನಾವು ಚೆನ್ನಾಗಿದ್ದೇವೆ. ಡಬ್ಬಿ ಮರೆಯುವುದನ್ನು ಅವರು ಬಿಟ್ಟಿಲ್ಲ.

ನಮ್ಮ ತರಕಾರಿ ಈಗ ಕೋಲಾರದ ಮಾರ್ಕೆಟ್ಟಿಗೆ ಹೋಗುತ್ತದೆ. ಅಲ್ಲಿ ನನ್ನ ಬೀನ್ಸನ್ನು ಬೇರೆಯವರ ಬೀನ್ಸಿನ ಜೊತೆ ಒಂದೇ ರಾಶಿಗೆ ಸುರಿಯುತ್ತಾರೆ. ಮೊದಲ ದಿನ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ಹಮಾಲಿ, "ಏನಮ್ಮಾ, ಬೀನ್ಸ್ಗೂ ಹೆಸರು ಬರೀಬೇಕಾ?" ಅಂದ. ಈಗ ನಾನು ಹೋಗುವುದಿಲ್ಲ, ಗಾಡಿಯಲ್ಲಿ ಕಳಿಸುತ್ತೇನೆ. ಆದರೂ ಒಂದು ಹನಿ ವಿಷ ಹೊಡೆದಿಲ್ಲ. ಯಾರಿಗೋಸ್ಕರ ಅಂತ ನಮ್ಮನೆಯವರು ಕೇಳುತ್ತಾರೆ. ನನಗೂ ಗೊತ್ತಿಲ್ಲ.

ಊರಿನಲ್ಲಿ ಹೆಂಗಸರು ನೀರು ಹಿಡಿಯುವಾಗ ನನ್ನ ಕಡೆ ನೋಡಿ ಮಾತು ನಿಲ್ಲಿಸುತ್ತಾರೆ. ಏಳು ವರ್ಷ ಅವರಿಗೆಲ್ಲ ಗೊಬ್ಬರದ ಅಂಗಡಿ ಬಿಡಿ ಅಂತ ಭಾಷಣ ಮಾಡಿದವಳು ನಾನಲ್ಲವೇ?

ವಿಷ ಎಲ್ಲಿಂದ ಬಂತೋ ಅಂತ ಬರೆದಿದ್ದೀರಿ. ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಸುನಂದ


ಟೇಕಲ್
೨೦ ಜನವರಿ ೨೦೨೫

ಸುನಂದ,

ನಿನ್ನ ಕಾಗದವನ್ನು ಒಂದೂವರೆ ತಿಂಗಳಿಂದ ಅಕ್ಕಿ ಡಬ್ಬದ ಮೇಲೆ ಇಟ್ಟುಕೊಂಡಿದ್ದೇನೆ. ಅಡುಗೆ ಮಾಡುವಾಗ ಕಣ್ಣಿಗೆ ಬೀಳಲಿ ಅಂತ. ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ.

ಸಂಕ್ರಾಂತಿ ಆಯಿತು. ಈ ಸಲ ಅವರೆಗೆ ಸೊನೆ ಚೆನ್ನಾಗಿ ಬಂದಿದೆ, ಕೈಗೆ ಅಂಟಿದರೆ ಎರಡು ದಿನ ವಾಸನೆ ಹೋಗುವುದಿಲ್ಲ. ಹಿತಕಿದ ಬೇಳೆ ಸಾರು ಮಾಡಿ ಒಬ್ಬಳೇ ಉಂಡೆ. ಕಾಳು ನೆನೆಸಿ ಹಿತುಕುವ ಕೆಲಸ ಒಬ್ಬರೇ ಮಾಡುವುದಲ್ಲ ಸುನಂದ. ಇಬ್ಬರು ಎದುರು ಬದುರು ಕೂತು, ಮೂರನೆಯವಳ ಸುದ್ದಿ ಆಡುತ್ತಾ ಮಾಡಬೇಕಾದ ಕೆಲಸ. ಒಬ್ಬಳೇ ಕೂತರೆ ಬೇಳೆ ಹಾರಿ ಮುಖಕ್ಕೆ ಹೊಡೆಯುತ್ತದೆ, ಅಷ್ಟೇ.

ತೋಟ ಚೆನ್ನಾಗಿದೆ. ಅದೇ ನನಗೆ ಹಿಂಸೆ. ಟೊಮೆಟೊ ಸಾಲಿನ ಸುತ್ತ ಹಾಕಿದ ಚೆಂಡುಹೂವಿಗೆ ಹುಳು ಬಿದ್ದು, ಟೊಮೆಟೊ ಉಳಿದಿದೆ. ಪಕ್ಕದ ಹೊಲದವನು ನಮ್ಮ ಭಾವನ ಮಗ ನರೇಶ ನಿನಗೆ ಗೊತ್ತಲ್ಲ, ಅವನ ಕಡೆಯಿಂದ ಗಾಳಿಗೆ ವಿಷ ಹಾರಿ ಬರದಿರಲಿ ಅಂತ ಹಾಕಿದ ಮೂರು ಸಾಲು ಸಜ್ಜೆ ಆಳೆತ್ತರ ಬೆಳೆದಿದೆ. ರಾಗಿ ಹುಲ್ಲು ಹೊದಿಸಿದ ಪಾತಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬಿಟ್ಟರೆ ಸಾಕು. ಹುಲ್ಲು ಸರಿಸಿದರೆ ಎರೆಹುಳು. ಕಳೆದ ವಾರ ಮಾಲೂರಿನಿಂದ ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. "ನಮ್ಮ ತೋಟದೊಳಕ್ಕೆ ಒಂದ್ ಹನಿ ವಿಷಾನೂ ಬಂದಿಲ್ಲ ಮಕ್ಕಳೇ" ಅಂತ ಹೇಳುತ್ತಾ ಇದ್ದೆ. ಹೇಳುತ್ತಾ ಹೇಳುತ್ತಾ ಬದುವಿನ ಮೇಲೆ ಕೂತುಬಿಟ್ಟೆ. ಟೀಚರು ನೀರು ಕೊಟ್ಟರು.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ. ಬದನೆಕಾಯಿ ಬೆಳೆಯುವವಳಿಗೆ ಆ ಗಾದೆ ಸರಿಯಾಗೇ ತಗಲುತ್ತದೆ.

ನಿನಗೊಂದು ವಿಷಯ ಹೇಳಬೇಕು. ಇವತ್ತು ಬೇಡ. ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು.

ನಿನ್ನ ಅಕ್ಕ,
ಭಾರತಮ್ಮ


ಟೇಕಲ್
೨ ಮಾರ್ಚ್ ೨೦೨೫

ಸುನಂದ,

ಇದು ಐದನೆಯ ಹಾಳೆ. ನಾಲ್ಕನ್ನು ಹರಿದು ಗೊಬ್ಬರದ ಗುಂಡಿಗೆ ಹಾಕಿದೆ. ಇದನ್ನು ಹರಿಯುವುದಿಲ್ಲ.

ನಿನ್ನ ಟೊಮೆಟೊಗೆ ವಿಷ ಬಂದದ್ದು ನನ್ನ ಸ್ಪ್ರೇಯರಿನಿಂದ.

ಬರೆದಾಯಿತು. ಇನ್ನು ಹೇಗೆ ಅಂತ ಹೇಳುತ್ತೇನೆ. ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ನರೇಶ ಬೇಲಿ ಹತ್ತಿರ ಬಂದು ನಿಂತ. "ಚಿಕ್ಕಮ್ಮ, ನಮ್ ಮಿಷನ್ದು ಪಂಪ್ ಹೋಗೈತೆ. ಟೊಮೆಟೊಗೆ ಊಜಿ ಹುಳ ಬಿದ್ದೈತೆ, ಇವತ್ತು ಹೊಡೀದಿದ್ರೆ ನಾಳೆಗೆ ಗಿಡಾನೇ ಇರಲ್ಲ. ನಿಮ್ದು ಒಂದ್ ಗಂಟೆ ಕೊಡಿ" ಅಂದ. ನಾನು ಕೊಡಲ್ಲ ಅಂದೆ. "ನಾನೇನ್ ಹೊರಗ್ನೋನಾ?" ಅಂದ. ಆ ಮಾತು ನನಗೆ ನಾಟಿತು. ಅವನ ಚಿಕ್ಕಪ್ಪ, ನಮ್ಮನೆಯವರು, ತೀರಿಹೋದ ಮೇಲೆ ಬೋರಿನ ಮೋಟಾರು ಸುಟ್ಟರೆ ಬರುವವನು ಅವನೊಬ್ಬನೇ. ನನಗೆ ಜ್ವರ ಬಂದಾಗ ಮಾಲೂರಿಗೆ ಬೈಕಿನಲ್ಲಿ ಕರೆದುಕೊಂಡು ಹೋದವನೂ ಅವನೇ. ಕೊಟ್ಟೆ.

ಗುಂಪಿನವರ ಸ್ಪ್ರೇಯರ್ ಹೊರಗಿನವರ ಕೈಗೆ ಹೋಗಬಾರದು ಅಂತ ನಿಯಮ ಬರೆಸಿದವಳು ನಾನು. ಬೇಡ, ಅದು ಅತಿಯಾಯಿತು ಅಂತ ಕಾರ್ಯದರ್ಶಿ ಮುರಳಿಮೋಹನ್ ಅಂದಾಗ ಜಗಳ ಆಡಿ ಬರೆಸಿದವಳು.

ಅವನು ತಂದಿಟ್ಟ ಮೇಲೆ ಮೂರು ಸಲ ನೀರು ಹಾಕಿ ತೊಳೆದೆ. ಮುಚ್ಚಳದ ವಾಷರಿನಲ್ಲಿ ವಾಸನೆ ಉಳಿದಿತ್ತು. ಬಿಸಿಲಿಗೆ ಇಟ್ಟರೆ ಹೋಗುತ್ತದೆ ಅಂದುಕೊಂಡೆ. ನಾನು ಅದನ್ನು ಮುಟ್ಟಲಿಲ್ಲ ನೋಡು, ನನ್ನ ತೋಟಕ್ಕೆ ಹೊಡೆಯಲಿಲ್ಲ. ಐದನೇ ದಿನ ನೀನು ಸ್ಕೂಟರಿನಲ್ಲಿ ಬಂದೆ. "ಅಕ್ಕ, ನನ್ದು ಚಾರ್ಜೇ ನಿಲ್ತಿಲ್ಲ. ಬೇವಿನೆಣ್ಣೆ ಹೊಡೀಬೇಕು, ನಿಮ್ದು ಕೊಡಿ" ಅಂದೆ. ಇದು ನರೇಶನ ಕೈಗೆ ಹೋಗಿತ್ತು ಕಣೇ, ತಗೊಂಡು ಹೋಗಬೇಡ ಅಂತ ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಿದರೆ ನಿನ್ನ ಕಣ್ಣಿನಲ್ಲಿ ನಾನು ಸಣ್ಣವಳಾಗುತ್ತಿದ್ದೆ. ನೀನು ಗುದ್ದಲಿ ಹಿಡಿಯುವುದನ್ನು ನನ್ನಿಂದ ಕಲಿತವಳು. ನನ್ನ ಮಾತನ್ನು ಬೇರೆಯವರಿಗೆ ಹೇಳಿಕೊಂಡು ತಿರುಗುವವಳು. ಆ ಹೆಸರು ಉಳಿಸಿಕೊಳ್ಳಲು ನಾನೇ ಎತ್ತಿ ನಿನ್ನ ಸ್ಕೂಟರಿನ ಮೇಲೆ ಇಟ್ಟೆ.

ಇನ್ನೂ ಕೆಟ್ಟದ್ದು ಇದೆ. ರಿಪೋರ್ಟಿನಲ್ಲಿ ಆ ವಿಷದ ಹೆಸರು ಓದಿದಾಗಲೇ ನನಗೆ ತಿಳಿಯಿತು. ನರೇಶ ಹೊಡೆದು ಎಸೆದ ಖಾಲಿ ಡಬ್ಬಿಯ ಮೇಲೆ ಅದೇ ಹೆಸರು. ನಾನೇ ಅದನ್ನು ಬೇಲಿಯಿಂದ ಆರಿಸಿ ಆಚೆ ಹಾಕಿದ್ದೆ. ಅನುಮಾನ ಅಲ್ಲ ಸುನಂದ, ಗೊತ್ತಿತ್ತು. ಗೊತ್ತಿದ್ದೂ ನಿನ್ನ ಎದುರಿನಲ್ಲೇ ಪೆನ್ನು ತೆಗೆದು ಸಹಿ ಹಾಕಿದೆ. ಆಮೇಲೆ ‘ದೇವರೇ ಬಲ್ಲ’ ಅಂತ ನಿನಗೆ ಕಾಗದ ಬರೆದೆ. ದೇವರನ್ನೂ ಎಳೆದು ತಂದೆ.

ನಿನಗೆ ಹೇಳಿದರೆ ಮುಗಿಯುವುದಿಲ್ಲ. ಗುಂಪಿನ ಮುಂದೆ ಹೇಳಬೇಕು. ಹದಿನಾರಕ್ಕೆ ಮೀಟಿಂಗಿದೆ. ಹೇಳುತ್ತೇನೆ.

ಭಾರತಮ್ಮ


ಟೇಕಲ್
೩೦ ಮಾರ್ಚ್ ೨೦೨೫, ಯುಗಾದಿ

ಸುನಂದ,

ನೀನು ಉತ್ತರ ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ.

ಮೀಟಿಂಗಿಗೆ ಹೋದೆ. ಹೇಳಲಿಲ್ಲ.

ಎದ್ದು ನಿಂತೆ, ನಿಜ. ಎಲ್ಲರೂ ನನ್ನ ಕಡೆ ತಿರುಗಿದರು. ಚಿಕ್ಕವೆಂಕಟಮ್ಮನಿಗೆ ಎಪ್ಪತ್ತು ವರ್ಷ, ಕಿವಿ ಮಂದ. ಅವಳು ಕೈಯನ್ನು ಕಿವಿಗೆ ಅಡ್ಡ ಹಿಡಿದುಕೊಂಡು, "ನಮ್ ಭಾರತ ಏನೋ ಹೇಳ್ತಾಳೆ, ಸುಮ್ಕಿರ್ರೋ" ಅಂದಳು. ಆ ಮುದುಕಿ ಯೂರಿಯಾ ಬಿಟ್ಟದ್ದು ನನ್ನ ಮಾತು ಕೇಳಿ. ಮಕ್ಕಳ ಹತ್ತಿರ ಬೈಸಿಕೊಂಡು ಬಿಟ್ಟಳು. ನಾನು ಬಾಯಿ ತೆರೆದು, ಸೊಪ್ಪಿನ ಕಟ್ಟಿಗೆ ಪ್ಲಾಸ್ಟಿಕ್ ದಾರ ಬೇಡ, ಬಾಳೆ ನಾರು ಹಾಕೋಣ ಅಂತ ಹೇಳಿ ಕೂತೆ. ಎಲ್ಲರೂ ಚಪ್ಪಾಳೆ ತಟ್ಟಿದರು ಕಣೇ. ಟೀ ಕುಡಿದು ಮನೆಗೆ ಬಂದೆ.

ಇವತ್ತು ಹಬ್ಬ. ಚಂದನಳಿಗೆ ಡ್ಯೂಟಿ ಇದೆಯಂತೆ, ಬರಲಿಲ್ಲ. ನರೇಶ ಒಬ್ಬಟ್ಟು ತಂದುಕೊಟ್ಟ. ಅವನಿಗೆ ಎಲ್ಲ ಹೇಳಿದೆ, ನಿನ್ನನ್ನು ತೆಗೆದದ್ದು, ಸ್ಪ್ರೇಯರ್ ಎಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ, ಮುಖ ಇಷ್ಟಾಯಿತು. "ನನ್ ಹೆಸರು ಹೇಳಿ ಚಿಕ್ಕಮ್ಮ, ನಾನು ಕದ್ಕೊಂಡು ಹೋಗಿದ್ದೆ ಅಂತೇಳಿ. ನೀವು ಬಚಾವಾಗ್ತೀರ" ಅಂದ. ಎಂಥ ಪ್ರೀತಿಯ ಸುಳ್ಳು ನೋಡು. ಒಂದು ಕ್ಷಣ, ಅದೂ ಆಗಬಹುದಲ್ಲ ಅನ್ನಿಸಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವನು ಹೋದ ಮೇಲೆ ಒಬ್ಬಟ್ಟಿನ ತಟ್ಟೆ ಮುಂದಿಟ್ಟುಕೊಂಡು ಅತ್ತೆ.

ನನಗೆ ತುಂಬ ಒಂಟಿ ಅನ್ನಿಸುತ್ತದೆ ಸುನಂದ. ಜನ ಇಲ್ಲದೆ ಅಲ್ಲ. ದಿನಾ ಯಾರಾದರೂ ಬರುತ್ತಾರೆ, ಬೀಜ ಕೇಳುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಅವರು ಮಾತಾಡಿಸುವುದು ಯಾರೋ ಬೇರೆ ಭಾರತಮ್ಮನನ್ನು. ನಾನು ಯಾರು ಅಂತ ಈ ಊರು ಕೇರಿಯಲ್ಲಿ ಗೊತ್ತಿರುವುದು ನಿನಗೆ ಒಬ್ಬಳಿಗೇ. ಇವತ್ತು ಬಾಯಿಬಿಟ್ಟೆನೆಂದು ನರೇಶನಿಗೂ ಗೊತ್ತು, ಆದರೆ ಅವನು ಆಗಲೇ ಕ್ಷಮಿಸಿಬಿಟ್ಟ. ಅದು ಲೆಕ್ಕಕ್ಕೆ ಬರುವುದಿಲ್ಲ.

ಬಾಯಿ ನನ್ನ ಮಾತು ಕೇಳುವುದಿಲ್ಲ. ಕೈ ಕೇಳಬಹುದು. ಬರೆದು ಕೊಡುತ್ತೇನೆ.

ಭಾರತಮ್ಮ


ಟೇಕಲ್
೧೪ ಏಪ್ರಿಲ್ ೨೦೨೫

ಗೆ,
ಮುರಳಿಮೋಹನ್, ಕಾರ್ಯದರ್ಶಿಗಳು,
ಸಾವಯವ ತರಕಾರಿ ಬೆಳೆಗಾರರ ಗುಂಪು

ಮಾನ್ಯರೇ,

ಈ ಪತ್ರವನ್ನು ಮುಂದಿನ ಮೀಟಿಂಗಿನಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕಾಗಿ ಕೋರುತ್ತೇನೆ. ಚಿಕ್ಕವೆಂಕಟಮ್ಮನವರಿಗೆ ಕಿವಿಯ ಹತ್ತಿರ ಹೋಗಿ ಓದಿ ಹೇಳುವುದು.

ಆಗಸ್ಟ್ ೨೦೨೪ರಲ್ಲಿ ನನ್ನ ಸ್ಪ್ರೇಯರನ್ನು ನಾನೇ, ನನ್ನ ಇಚ್ಛೆಯಿಂದ, ಗುಂಪಿನ ಹೊರಗಿನವರಿಗೆ ವಿಷ ಹೊಡೆಯಲು ಕೊಟ್ಟೆ. ಅದೇ ಸ್ಪ್ರೇಯರನ್ನು ಐದು ದಿನಗಳ ನಂತರ, ಏನೂ ತಿಳಿಸದೆ, ವಕ್ಕಲೇರಿಯ ಸುನಂದ ಅವರಿಗೆ ಕೊಟ್ಟೆ. ಅವರ ಟೊಮೆಟೊದಲ್ಲಿ ಸಿಕ್ಕಿದ್ದು ಆ ವಿಷವೇ. ರಿಪೋರ್ಟ್ ಬಂದ ದಿನವೇ ಇದು ನನಗೆ ತಿಳಿದಿತ್ತು. ತಿಳಿದೂ ಅವರನ್ನು ತೆಗೆಯುವ ಕಾಗದಕ್ಕೆ ಮೊದಲ ಸಹಿ ಹಾಕಿದೆ.

ಕೊಂಡುಹೋದವರ ಹೆಸರು ಬರೆದಿಲ್ಲ. ಅವರು ನಮ್ಮ ನಿಯಮಕ್ಕೆ ಒಳಪಟ್ಟವರಲ್ಲ, ನಾನು ಒಳಪಟ್ಟವಳು.

ಸುನಂದ ಅವರನ್ನು ಮತ್ತೆ ಸೇರಿಸಿಕೊಳ್ಳುವುದು. ನನ್ನನ್ನು ತೆಗೆಯುವುದು. ನನ್ನ ಎದುರಿಗೆ ತೀರ್ಮಾನ ಮಾಡಲು ತಮಗೆ ಸಂಕೋಚವಾಗಬಾರದೆಂದು ನಾನು ಬರುವುದಿಲ್ಲ.

ತಮ್ಮ ವಿಶ್ವಾಸಿ,
ಭಾರತಮ್ಮ


ವಕ್ಕಲೇರಿ
೫ ಮೇ ೨೦೨೫

ಭಾರತಕ್ಕ,

ನಿನ್ನೆ ಮೀಟಿಂಗ್ ಆಯಿತು. ನಿಮ್ಮನ್ನು ಗುಂಪಿನಿಂದ ತೆಗೆದರು. ನನ್ನನ್ನೂ ಕರೆಸಿದ್ದರು.

ಮುರಳಿಮೋಹನ್ ಅವರು ನಿಮ್ಮ ಪತ್ರ ಓದಿದರು. ಚಿಕ್ಕವೆಂಕಟಮ್ಮನ ಕಿವಿಯ ಹತ್ತಿರ ಎರಡನೇ ಸಲ ಓದಬೇಕಾಯಿತು, ಹಾಗಾಗಿ ನಾವೆಲ್ಲರೂ ಎರಡು ಸಲ ಕೇಳಿದೆವು. ಆಯಮ್ಮ ಆ ಕಾಗದವನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು. ಆಮೇಲೆ, "ಭಾರತಾನೇ ಹಿಂಗ್ ಮಾಡಿದ್ರೆ ಇನ್ ಯಾರ್ನ ನಂಬೋದು?" ಅಂತ ಅಂದು, ಕಾಗದ ವಾಪಸ್ ಕೊಡುತ್ತಾ, "ಆದ್ರೂ ಅವ್ಳೇ ಹೇಳ್ಕೊಂಡ್ಳಲ್ಲ" ಅಂದರು. ಎರಡನ್ನೂ ಅಂದರು, ನಿಮಗೆ ಎರಡೂ ತಿಳಿಯಲಿ.

ನನ್ನನ್ನು ಮತ್ತೆ ಸೇರಿಸಿಕೊಳ್ಳಲು ಎಲ್ಲರೂ ಸಹಿ ಹಾಕಿದರು. ನನ್ನ ಸರ್ಟಿಫಿಕೇಟ್ ನನ್ನ ಕೈಗೆ ಬಂತು. ಆಮೇಲೆ ನಿಮ್ಮನ್ನು ತೆಗೆಯುವ ಕಾಗದ ಬಂತು. ಯಾರೂ ಮೊದಲು ಸಹಿ ಹಾಕಲು ಮುಂದೆ ಬರಲಿಲ್ಲ. ನಾನು ಹಾಕಿದೆ. ಹಿಂದೆಮುಂದೆ ನೋಡಲಿಲ್ಲ, ಸುಳ್ಳು ಹೇಳುವುದಿಲ್ಲ.

ಈಗ ನಿಮ್ಮ ಮಾರ್ಚ್ ಎರಡರ ಕಾಗದಕ್ಕೆ ಉತ್ತರ ಬರೆಯುತ್ತೇನೆ.

ಆ ದಿನ ಮನೆಗೆ ಬಂದು ಸ್ಪ್ರೇಯರಿನ ಮುಚ್ಚಳ ತೆಗೆದ ಕೂಡಲೇ ನನಗೆ ವಾಸನೆ ಬಂತು. ತವರೂರು ರಾಯಲ್ಪಾಡಿನಲ್ಲಿ ಮಾವಿನ ತೋಪಿಗೆ ನಮ್ಮಪ್ಪ ಹೊಡೆಯುತ್ತಿದ್ದದ್ದನ್ನು ಮೂಸಿಯೇ ಬೆಳೆದವಳು ನಾನು, ನನ್ನ ಮೂಗು ತಪ್ಪುವುದಿಲ್ಲ. ಆದರೂ ನನಗೆ ನಾನೇ ಹೇಳಿಕೊಂಡೆ, ಇದು ಹಳಸಿದ ಬೇವಿನೆಣ್ಣೆ, ಭಾರತಕ್ಕನ ಸ್ಪ್ರೇಯರಿನಲ್ಲಿ ಬೇರೆ ಏನು ಇರುತ್ತದೆ ಅಂತ. ಅಂಗಳದಲ್ಲಿ ಎಷ್ಟೋ ಹೊತ್ತು ನಿಂತಿದ್ದೆ. ವಾಪಸ್ ತಂದು, ಅಕ್ಕ ಇದು ವಾಸನೆ ಬರುತ್ತಿದೆ ಅಂತ ನಿಮ್ಮ ಮುಖಕ್ಕೆ ಹೇಳುವ ಬದಲು ನನ್ನ ಗಿಡಗಳಿಗೇ ಹೊಡೆದೆ. ನಿಮ್ಮನ್ನು ಅನುಮಾನಿಸುವುದಕ್ಕಿಂತ ಅದೇ ಸುಲಭ ಅನ್ನಿಸಿತು.

ಅಕ್ಟೋಬರ್ ಮೀಟಿಂಗಿನಲ್ಲಿ ನೀವು ರಿಪೋರ್ಟ್ ಓದುವಾಗ ನಿಮ್ಮ ಮುಖವನ್ನೇ ನೋಡುತ್ತಾ ಕೂತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ. ನೀವು ಹೇಳಿದ್ದರೆ ನಾನೂ ಎದ್ದು ವಾಸನೆಯ ವಿಷಯ ಹೇಳುತ್ತಿದ್ದೆ. ಇಬ್ಬರೂ ಬೈಸಿಕೊಂಡು, ದಾರಿಯಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಹೋಗುತ್ತಿದ್ದೆವು. ನೀವು ಪೆನ್ನು ತೆಗೆದಿರಿ. ನನಗೆ ಸಿಟ್ಟು ಬಂದದ್ದು ಸ್ಪ್ರೇಯರಿಗಲ್ಲ ಅಕ್ಕ. ಅವತ್ತಿನಿಂದ ಏಳು ತಿಂಗಳು ನಾನು ಸುಮ್ಮನಿದ್ದದ್ದು ದೊಡ್ಡತನ ಅಂತ ತಿಳಿದುಕೊಂಡಿದ್ದೆ. ನೀವೇ ಹೇಳಬೇಕು, ನಾನು ಹೇಳಬಾರದು ಅಂತ ಹಟ. ನಿನ್ನೆ ಅವರು ನನ್ನ ಕೈಗೆ ಸರ್ಟಿಫಿಕೇಟ್ ಕೊಟ್ಟು, "ಪಾಪ, ಏನೂ ತಪ್ಪು ಮಾಡದೆ ಅನುಭವಿಸಿದಳು" ಅಂದಾಗ ನನ್ನ ದೊಡ್ಡತನ ಎಷ್ಟು ಅಂತ ಗೊತ್ತಾಯಿತು.

ಎದ್ದು ನಿಂತು ಹೇಳಿದೆ. ವಾಸನೆ ಬಂದಿತ್ತು, ಗೊತ್ತಾಗಿಯೂ ಹೊಡೆದೆ ಅಂತ. ಮುರಳಿಮೋಹನ್ ಅವರು ತಲೆ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ದೇವ್ರೇ, ನೀವಿಬ್ರೂ ಸೇರಿ ನನ್ನ ಸಾಯಿಸ್ತೀರ!" ಅಂದರು. ಕೊಟ್ಟ ಕಾಗದ ವಾಪಸ್ ತೆಗೆದುಕೊಂಡರು. ಒಟ್ಟು ಇಪ್ಪತ್ತು ನಿಮಿಷ ನಾನು ಮತ್ತೆ ಸಾವಯವ ರೈತಳಾಗಿದ್ದೆ. ಮನೆಗೆ ಬಂದು ಹೇಳಿದರೆ ಇವರು, "ಬಂದಿದ್ದನ್ನ ಇಟ್ಕೊಳ್ಳೋಕೆ ಏನಾಗಿತ್ತೇ ನಿಂಗೆ?" ಅಂತ ಒಂದು ಗಂಟೆ ಬೈದರು. ಅವರ ಮಾತಿನಲ್ಲೂ ನ್ಯಾಯ ಇದೆ.

ಗುಂಪಿನಲ್ಲಿ ಈಗ ಐದು ಜನ. ನಾವಿಬ್ಬರೂ ಹೊರಗೆ. ಸೇರಬೇಕೆಂದರೆ ಮೊದಲ ವರ್ಷದಿಂದ ಶುರು, ಮೂರು ವರ್ಷ ಕಾಯಬೇಕು. ಹೊಸಬರು ಒಬ್ಬರೇ ಅರ್ಜಿ ಹಾಕುವ ಹಾಗಿಲ್ಲವಂತೆ, ಜೋಡಿಯಾಗಿ ಹಾಕಬೇಕು. ಮೂರು ವರ್ಷವೂ ತಿಂಗಳಿಗೊಮ್ಮೆ ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ ಬರೆಯಬೇಕು. ಯಾರನ್ನು ಹಾಕಿಕೊಳ್ಳುತ್ತೀರಿ ಅಂತ ಕೇಳಿದರು. ಶಿಳ್ಳಂಗೆರೆ ಕಡೆಯ ಒಬ್ಬರ ಹೆಸರನ್ನು ಅವರೇ ಹೇಳಿದರು, ಒಳ್ಳೆಯವರಂತೆ.

ನಾನು ನಿಮ್ಮ ಹೆಸರು ಬರೆದಿದ್ದೇನೆ. ಅರ್ಜಿ ಈ ಲಕೋಟೆಯಲ್ಲೇ ಇದೆ. ಒಪ್ಪಿಗೆ ಇದ್ದರೆ ಸಹಿ ಹಾಕಿ ಅಂಚೆಯಲ್ಲಿ ಕಳಿಸಿ. ತಂದುಕೊಡಲು ಬರಬೇಡಿ, ನಿಮ್ಮ ಜೊತೆ ಮಾತಾಡಲು ನನಗೆ ಇನ್ನೂ ಆಗುವುದಿಲ್ಲ. ಜೂನಿನಲ್ಲಿ ಮೊದಲ ಸಲ ತೋಟ ನೋಡಲು ಬಂದಾಗಲೂ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆಗದಿದ್ದರೆ ನೀವು ಮಾತಿಲ್ಲದೆ ನೋಡಿ ಬರೆದು ಹೋಗಿ.

ನನ್ನ ಕೋಪ ಹೋಗಿಲ್ಲ ಅಕ್ಕ. ಆದರೆ ನನ್ನ ಮಣ್ಣಿನಲ್ಲಿ ವಿಷ ಇದೆಯೋ ಇಲ್ಲವೋ ಅಂತ ಬೇರೆ ಯಾರು ಹೇಳಿದರೂ ನಾನು ನಂಬುವುದಿಲ್ಲ.

ಸುನಂದ